ಇವತ್ತೇ ಕರು ಹಾಕುತ್ತೆ ಎಂದ ಅಪ್ಡೇಟು

ದನದ ವ್ಯವಹಾರಕ್ಕೂ ಮೊಬೈಲಿಗೂ ಗಂಟು ಹಾಕಿದ ಮೇಲೆ ನಗುವಂಥದ್ದೇನೂ ನಡೆಯದೆ ಒಂದು ವಾರ ಕಳೆದದ್ದು ನನಗೆ ನೆನಪಿಲ್ಲ. ನಡೆಯುವಾಗ ಮಾತ್ರ ಒಂದಕ್ಕೂ ನಗು ಬಂದಿರಲ್ಲ, ಆ ಮಾತು ಬೇರೆ.

ನಂಜನಗೂಡಿನಲ್ಲಿ ಒಂದು ಬೇಕರಿಯ ಮಹಡಿ ಮೇಲೆ ನಮ್ಮ ಆಫೀಸು. ಆಫೀಸು ಅಂದರೆ ಮೂರೇ ಜನ. ಒಬ್ಬರು ನಮ್ಮ ಧಣಿ, ಮೊದಲು ಹಿಂಡಿ ಬೂಸಾ ಮಂಡಿ ಇಟ್ಟುಕೊಂಡಿದ್ದವರು. ಇನ್ನೊಬ್ಬಳು ಕಂಪ್ಯೂಟರ್ ಮುಂದೆ ಕೂತು ಕೋಡ್ ಬರೆಯುವ ಹುಡುಗಿ. ಮೂರನೆಯವನು ನಾನು. ಬೈಕಿನಲ್ಲಿ ಊರೂರು ತಿರುಗಿ ರೈತರ ಫೋನಿಗೆ ನಮ್ಮ ಆ್ಯಪ್ ಹಾಕಿಕೊಡೋದು ನನ್ನ ಕೆಲಸ.

ಆ್ಯಪ್ ಏನೂ ದೊಡ್ಡ ಬ್ರಹ್ಮವಿದ್ಯೆ ಅಲ್ಲ. ಹಸುವಿಗೆ ಗಬ್ಬದ ಸೂಜಿ ಹಾಕಿಸಿದ ದಿನ ಬರೆದಿಟ್ಟರೆ, ಯಾವತ್ತು ಕರು ಹಾಕುತ್ತೆ ಅಂತ ಅದು ಹೇಳುತ್ತೆ. ತೆರೆದರೆ ಹಣೆಗೆ ಕುಂಕುಮ ಇಟ್ಟ ಹಸುವಿನ ಚಿತ್ರ. ಆ ದಿನ ಬಂತು ಅಂದರೆ ಫೋನು ಜೋರಾಗಿ "ಅಂಬಾ" ಅನ್ನುತ್ತೆ.

ರಾಹುಕಾಲ

ಅವತ್ತು ಶುಕ್ರವಾರ. ಹೊಸ ಅಪ್ಡೇಟ್ ಬಿಡಬೇಕಿತ್ತು. ಹುಡುಗಿ, "ಸರ್, ಇನ್ನೊಂದೇ ಒಂದು ಸಲ ಟೆಸ್ಟ್ ಮಾಡ್ಬಿಡ್ತೀನಿ" ಅಂದಳು.

ಧಣಿ ಗಡಿಯಾರ ನೋಡಿದರು. "ಹತ್ತೂವರೆಗೆ ರಾಹುಕಾಲ ಕಣಮ್ಮಾ. ಟೆಸ್ಟು ಆಮೇಲೆ ಮಾಡ್ಕೊ, ಮೊದ್ಲು ಬಿಡು."

ಬಿಟ್ಟಳು. ಆ್ಯಪ್ ಅಂಗಡಿಗೂ ಏನು ಆತುರವಿತ್ತೋ, ಕಣ್ಣು ಮುಚ್ಚಿ ಬಿಡೋದರೊಳಗೆ ಹಂಚೋಕೆ ಶುರು ಮಾಡಿತು. ಆಗಿದ್ದೇನಪ್ಪಾ ಅಂದರೆ, "ಅಂಬಾ" ಸದ್ದು ಸರಿಯಾಗಿ ಬರುತ್ತೋ ಇಲ್ಲವೋ ನೋಡೋಣ ಅಂತ ಅವಳು ಎಲ್ಲ ರಾಸಿಗೂ ಅವತ್ತಿನ ದಿನವನ್ನೇ ಹಾಕಿಟ್ಟಿದ್ದಳು. ಅದನ್ನ ತೆಗೆಯೋದೇ ಆ ಕೊನೇ ಟೆಸ್ಟಿನಲ್ಲಿ ಮಾಡಬೇಕಿದ್ದ ಕೆಲಸ. ಹಾಗಾಗಿ ಯಾರ ಫೋನಿಗೆ ಅಪ್ಡೇಟ್ ಹೋಯಿತೋ ಅವರ ಫೋನೆಲ್ಲ "ಅಂಬಾ! ನಿಮ್ಮ ರಾಸು ಇವತ್ತೇ ಕರು ಹಾಕುತ್ತದೆ" ಅನ್ನೋಕೆ ಶುರುವಾಯಿತು. ಒಂದು ಸಲ ಅಲ್ಲ, ಗಂಟೆಗೊಂದು ಸಲ. ದಿನ ಕಳೆದರೆ ಮಾರನೇ ದಿನಾನೂ "ಇವತ್ತೇ".

ಮೊದಲ ಫೋನು ಹೆಮ್ಮಿಗೆಯ ಹೆಂಗಸಿನದು. ಈಕೆಯ ಕಥೆ ಸ್ವಲ್ಪ ಹೇಳಬೇಕು. ಮೂರು ವರ್ಷದ ಹಿಂದೆ ಮಗಳ ಮೊದಲ ಹೆರಿಗೆ ನರಸೀಪುರದ ಆಸ್ಪತ್ರೆಯಲ್ಲಿ. ಈಕೆ ಹಗಲೆಲ್ಲ ಕಾದು, ಸಂಜೆ ಹಾಲು ಕರೆದು ಬಂದುಬಿಡ್ತೀನಿ ಅಂತ ಊರಿಗೆ ಹೋದರು. ವಾಪಸ್ ಬರೋದರೊಳಗೆ ಮಗು ಹುಟ್ಟಿ ಬೀಗಿತ್ತಿಯ ಕೈಯಲ್ಲಿತ್ತು. ಅವತ್ತಿನಿಂದ ಆ ಬೀಗಿತ್ತಿ ಯಾವ ಮದುವೆಮನೆಯಲ್ಲಿ ಸಿಕ್ಕಿದರೂ, "ಇವ್ರಿಗೆ ಮಗಳಿಗಿಂತ ಹಸ ಎಚ್ಚು" ಅಂತ ನಾಲ್ಕು ಜನರ ಮುಂದೆ ಆಡಿಕೊಳ್ಳೋರು. ಈಗ ಮಗಳು ಎರಡನೇ ಹೆರಿಗೆಗೆ ಬನ್ನೂರಿನ ಗಂಡನ ಮನೆಯಲ್ಲಿದ್ದಾಳೆ. ಇಲ್ಲಿ ಹಸುವಿಗೂ ದಿನ ತುಂಬಿದೆ. ಹೋದ ಸಲ ಯಾರೂ ಹತ್ತಿರ ಇಲ್ಲದೆ ಕರು ಸತ್ತಿತ್ತು, ಆ ಸಂಕಟ ಬೇರೆ. ಮೊದಲೇ ಹೋಗಿ ಕೂರೋಣ ಅಂದರೆ ಬೀಗರ ಮನೆಯಲ್ಲಿ ದಿನಗಟ್ಟಲೆ ಉಣ್ಣೋಕೆ ನಾಚಿಕೆ.

"ಸಾ, ಇವತ್ತೇ ಅಂತದಲ್ಲ ನಿಮ್ ಆಪು! ನಾನೀಗ ಇಲ್ಲಿರ್ಲಾ, ಬನ್ನೂರ್ಗೆ ಓಗ್ಲಾ? ಈ ಸಲ ಮಗು ಉಟ್ಟೋವಾಗ ನಾನ್ ಅಲ್ಲಿರ್ಲೇಬೇಕು ಕಣ್ ಸಾ. ಇಲ್ದಿದ್ರೆ ಆಯಮ್ಮ ನನ್ನ ಬದುಕಕ್ ಬಿಡಕಿಲ್ಲ."

"ಏನೋ ತಪ್ಪಾಗಿದೆ, ಎಲ್ಲೂ ಹೋಗ್ಬೇಡಿ, ನಾನು ಹೇಳ್ತೀನಿ" ಅಂತ ಫೋನಿಟ್ಟು, "ಮೊದ್ಲು ಇದನ್ನ ವಾಪಸ್ ತಗೊಳ್ಳಿ" ಅಂತ ಕೂಗಿದೆ. ಹುಡುಗಿ ಮೌಸಿಗೆ ಕೈ ಹಾಕಿದಳು.

"ತಡಿ! ರಾಹುಕಾಲದಲ್ಲಿ ಮುಟ್ಬೇಡ" ಅಂದರು ಧಣಿ.

ನನಗೆ ಪಿತ್ತ ನೆತ್ತಿಗೇರಿತು. "ಸರ್, ಬಿಡೋದು ಒಳ್ಳೇ ಕೆಲಸ ಅಂತ ಒಳ್ಳೇ ಹೊತ್ತಲ್ಲಿ ಬಿಟ್ರಿ. ವಾಪಸ್ ತಗೊಳ್ಳೋದು ಕೆಟ್ಟ ಕೆಲಸ ತಾನೆ, ಕೆಟ್ಟ ಹೊತ್ತಲ್ಲೇ ಮಾಡಿ ಮುಗಿಸೋಣ."

ಧಣಿ ಗಲ್ಲ ಕೆರೆದುಕೊಂಡರು. "ಪಾಯಿಂಟಿದೆ. ಆದ್ರೂ ಪುರೋಹಿತರನ್ನ ಒಂದ್ ಮಾತು ಕೇಳಿಬಿಡಣ."

ಪುರೋಹಿತರು ಫೋನೇ ಎತ್ತಲಿಲ್ಲ. ಹನ್ನೆರಡು ಹೊಡೆದ ಮೇಲೆ ಅವರೇ ವಾಪಸ್ ಮಾಡಿದರು. ರಾಹುಕಾಲದಲ್ಲಿ ಅವರು ಯಾರ ಫೋನೂ ಎತ್ತೋದಿಲ್ಲವಂತೆ.

ಎರಡರಲ್ಲಿ ಯಾವುದು?

ಹನ್ನೆರಡಕ್ಕೆ ಅಂಗಡಿಯಿಂದ ಅಪ್ಡೇಟ್ ತೆಗೆದದ್ದಾಯಿತು. ಉಸ್ಸಪ್ಪಾ ಅಂತ ಕೂತರೆ ಹುಡುಗಿ ಇನ್ನೊಂದು ಬಾಂಬ್ ಹಾಕಿದಳು. ಅಂಗಡಿಯಿಂದ ತೆಗೆದರೆ ಹೊಸಬರಿಗೆ ಸಿಗಲ್ಲ ಅಷ್ಟೇ. ಆಗಲೇ ಇಳಿಸಿಕೊಂಡವರ ಫೋನಿನಲ್ಲಿ ಅದು ಕೂತೇ ಇರುತ್ತೆ. ರಿಪೇರಿ ಮಾಡಿದ್ದನ್ನ ಅಂಗಡಿಯವರು ನೋಡಿ ಒಪ್ಪೋಕೆ ಇನ್ನೂ ಕೆಲವು ದಿನ ಬೇಕು. ಅಲ್ಲೀತನಕ ಫೋನ್ ಫೋನಿಗೂ ಕೈಯಿಂದಲೇ ಅಳಿಸಬೇಕು. ಕೈ ಅಂದರೆ ನನ್ನ ಕೈ.

ಅಷ್ಟರಲ್ಲಿ ನಂಜನಗೂಡಿನ ಪಕ್ಕದ ಹಳ್ಳಿಯ ಒಬ್ಬ ಯಜಮಾನರ ಫೋನು. ಅವರ ಕೊಟ್ಟಿಗೆಯಲ್ಲಿ ಹಸುವೇ ಇಲ್ಲ, ಇರೋದು ಉಳುವ ಜೋಡೆತ್ತು. ಮೇವಿನ ವಿಷಯ ತಿಳಿಯೋಣ ಅಂತ ಆ್ಯಪ್ ಹಾಕಿಸಿಕೊಂಡಿದ್ದರು.

"ಸಾ, ನಮ್ ಎತ್ತು ಇವತ್ತು ಕರ ಆಕ್ತದೆ ಅಂತ ಬಂದದೆ."

"ತಪ್ಪಾಗಿದೆ ಯಜಮಾನ್ರೇ. ಬೇಜಾರ್ ಮಾಡ್ಕೋಬೇಡಿ."

"ಬೇಜಾರೇನಿಲ್ಲ, ಬುಡಿ. ಊರೋರೆಲ್ಲ ಬಂದು ನೋಡ್ಕೊಂಡು ಓಗ್ತಾವ್ರೆ, ಒಂಥರಾ ಚೆಂದಾಗೇ ಅದೆ."

"ಮತ್ತೇನು ವಿಷಯ?"

"ಎರಡರಾಗೆ ಯಾವ ಎತ್ತು ಅಂತ ತೋರುಸ್ತಿಲ್ಲ ಸಾ. ಅದೊಂದು ಯೋಳ್ಬುಟ್ರೆ, ಅದ್ನ ಇವತ್ತು ಗಾಡಿಗೆ ಕಟ್ಟಕಿಲ್ಲ."

ಶುಕ್ರವಾರದ ಹಸು

ಸಂಜೆ ನರಸೀಪುರದ ಹತ್ತಿರದ ಒಂದು ಹಾಲಿನ ಡೈರಿಗೆ ಹೋದೆ. ಊರಿನ ಹೆಂಗಸರೆಲ್ಲ ಕ್ಯಾನು ಹಿಡಿದು ಸಾಲಲ್ಲಿ ನಿಂತಿರೋ ಹೊತ್ತು. ಒಂದೇ ಏಟಿಗೆ ಎಲ್ಲರ ಫೋನಿಂದಲೂ ಅಳಿಸಿ ಮುಗಿಸಿಬಿಡೋಣ ಅನ್ನೋದು ನನ್ನ ಲೆಕ್ಕಾಚಾರ.

"ಅಮ್ಮಾ, ಎಲ್ರೂ ಫೋನ್ ಕೊಡಿ. ಆ ಹಸುವಿನ ಆ್ಯಪ್ ಅಳಿಸಬೇಕು" ಅಂದೆ.

ಸಾಲಿಗೆ ಸಾಲೇ ಎರಡು ಹೆಜ್ಜೆ ಹಿಂದಕ್ಕೆ ಹೋಯಿತು. ಮುಂದೆ ನಿಂತಿದ್ದ ಹಿರಿಯಾಕೆ ಫೋನನ್ನ ಸೆರಗಿನೊಳಕ್ಕೆ ಸೇರಿಸಿ, "ಶುಕ್ರವಾರ, ದೀಪ ಅಚ್ಚೋ ಒತ್ತು. ಕುಂಕ್ಮ ಇಟ್ಟಿರೋ ಅಸ ಅಳ್ಸು ಅಂತೀಯಲ್ಲ, ನಿನಗೇನ್ ಬಂದದೆ?" ಅಂದರು.

ನಿಜ ಹೇಳಬೇಕು ಅಂದರೆ ಆಕೆಯ ಮಾತು ನನಗೆ ಹೊಸದೇನಲ್ಲ. ನಮ್ಮ ಮನೆಯಲ್ಲೂ ಶುಕ್ರವಾರ ದೀಪ ಹಚ್ಚಿದ ಮೇಲೆ ಪಕ್ಕದ ಮನೆಗೆ ಹೆಪ್ಪಿಗೆ ಮೊಸರೂ ಕೊಡಲ್ಲ. ಲಕ್ಷ್ಮಿ ಹೊರಟುಹೋಗ್ತಾಳೆ ಅಂತ. ಆದರೆ ಈ ಕಟ್ಟಳೆ ಮೊಬೈಲಿನ ಒಳಗೂ ನಡೆಯುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

"ಹಾಗಾದ್ರೆ ಸೋಮವಾರ ಬರ್ಲಾ?"

"ಸೋಮ್ವಾರ ಬಸವಣ್ಣನ ವಾರ. ಎತ್ತಿಗೇ ನೇಗ್ಲು ಕಟ್ಟಕಿಲ್ಲ."

"ಮಂಗಳವಾರ?"

"ಮಾರಮ್ಮನ ವಾರ."

ಕೊನೆಗೆ ಬುಧವಾರ ಅಂತ ತೀರ್ಮಾನವಾಯಿತು. ಅಷ್ಟೊತ್ತಿಗೆ ಆ ಹಿರಿಯಾಕೆಗೆ ಒಂದು ಕುತೂಹಲ. "ಅಲ್ಲಪ್ಪಾ, ಅಳ್ಸುದ್ರೆ ಆ ಅಸ ಎತ್ಲಾಗ್ ಓಯ್ತದೆ?"

"ಎಲ್ಲಿಗೂ ಹೋಗಲ್ಲ ಅಮ್ಮಾ."

"ಎಲ್ಲಿಗೂ ಓಗಕಿಲ್ಲ ಅಂದ್ಮೇಲೆ ಇಲ್ಲೇ ಇರ್ತದೆ ತಾನೆ? ಇಲ್ಲೇ ಇರೋದ್ನ ಯಾಕಪ್ಪಾ ಅಳ್ಸಕ್ ಬಂದೆ, ಪೆಟ್ರೋಲ್ ಆಕ್ಕೊಂಡು?"

ಗಿಣ್ಣು

ಶನಿವಾರ ಬೆಳಿಗ್ಗೆ ಸೋಮನಾಥಪುರ. ಅಲ್ಲಿ ಒಬ್ಬ ಹೆಂಗಸಿನ ಮನೆ ಮುಂದೆ ಜನವೋ ಜನ. ಎಲ್ಲರ ಕೈಯಲ್ಲೂ ಒಂದೊಂದು ಲೋಟ, ಚೊಂಬು, ಸ್ಟೀಲ್ ಡಬ್ಬಿ. ಕೇಳಿದರೆ ಎಲ್ಲರೂ ಗಿಣ್ಣಿನ ಹಾಲಿಗೆ ಬಂದವರು.

ಹೊಸ ಅಪ್ಡೇಟಿನಲ್ಲಿ ಧಣಿ ಒಂದು ವಿಶೇಷ ಸೇರಿಸಿದ್ದರು. ಯಾರ ಹಸುವಿಗೆ ದಿನ ಬಂದರೂ ಊರಿನ ಹಾಲಿನ ಸಂಘದ ವಾಟ್ಸಾಪ್ ಗುಂಪಿಗೆ ಸುದ್ದಿ ತಾನೇ ಹೋಗುತ್ತೆ. ಹುಟ್ಟಿದ ಕರು ಕುಡಿದು ಮಿಕ್ಕ ಹಾಲನ್ನ ನೆರೆಹೊರೆಗೆ ಗಿಣ್ಣು ಕಾಯಿಸೋಕೆ ಕೊಡೋದು ನಮ್ಮ ಕಡೆಯ ಪದ್ಧತಿ. ಕೊಡದಿದ್ದರೆ ಅವರ ಚುಚ್ಚುಮಾತು ಜನ್ಮಪೂರ್ತಿ ಕೇಳಬೇಕಾಗುತ್ತೆ.

"ಇನ್ನೂ ಈದೇ ಇಲ್ಲ ಕಣ್ರವ್ವಾ, ಬೇಕಾದ್ರೆ ಕೊಟ್ಗೆಗೆ ಓಗಿ ನೋಡಿ" ಅಂತ ಆಕೆ ಅಂಗಲಾಚುತ್ತಿದ್ದರು.

"ನಮ್ಗೆ ಮೆಸೇಜ್ ಬಂದದೆ" ಅಂತ ಬಂದವರು.

ನಾನು ನಡುವೆ ನಿಂತು, ತಪ್ಪು ನಮ್ಮದು ಅಂತ ಕೈ ಮುಗಿದು, ಎಲ್ಲರನ್ನೂ ಕಳಿಸಿ, ಆಕೆಯ ಫೋನಿಂದ ಆ್ಯಪ್ ಅಳಿಸಿದೆ. ಪಾಪ, ಆಕೆ ಒಳ್ಳೇ ಮನಸ್ಸಿನವರು. ನಾಲ್ಕು ದಿನಕ್ಕೆ ಹಸು ನಿಜವಾಗಿ ಕರು ಹಾಕಿತು. ಮನೆಗೆ ಒಂದು ತೊಟ್ಟೂ ಉಳಿಸಿಕೊಳ್ಳದೆ ಬೀದಿಗೆಲ್ಲ ಗಿಣ್ಣಿನ ಹಾಲು ಹಂಚಿದರಂತೆ.

ಮುಂದಿನ ಸಲ ಹೋದಾಗ ಪಕ್ಕದ ಮನೆಯಾಕೆ ನನ್ನ ಹತ್ತಿರ ಪಿಸುಗುಟ್ಟಿದರು: "ಕೊಟ್ಲು ಕಣ್ ಸಾ. ಆದ್ರೆ ನಾಕ್ ದಿನ ಮಡಗಿ ಮಡಗಿ ಕೊಟ್ಲು."

ಬ್ಯಾನ್ ಆದ ಔಷಧಿ

ಅದೇ ಶನಿವಾರ ಮಧ್ಯಾಹ್ನ ಬನ್ನೂರು. ಇಲ್ಲಿ ನನಗೆ ತಲೆ ತಿರುಗಿದ್ದು ಬೇರೆ ಕಾರಣಕ್ಕೆ. ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ರಿಪೇರಿ ಅಂಗಡಿ ಮುಂದೆ ರೈತರ ಗುಂಪು. ಅಂಗಡಿಯವನು ಒಂದು ಫೋನಿಂದ ಇನ್ನೊಂದು ಫೋನಿಗೆ ನಮ್ಮ ಅದೇ ಹಾಳು ಅಪ್ಡೇಟನ್ನ ಹಾಕಿ ಹಾಕಿ ಕೊಡುತ್ತಿದ್ದಾನೆ!

"ರೀ, ಅದನ್ನ ಆ್ಯಪ್ ಅಂಗಡಿಯಿಂದಲೇ ವಾಪಸ್ ತಗೊಂಡಾಯ್ತು ಕಣ್ರೀ!" ಅಂದೆ.

"ಅದ್ಕೇ ಸಾ ಇಷ್ಟು ಜನ" ಅಂದ.

ಗುಂಪಿನಲ್ಲಿ ಒಬ್ಬರು ಕಬ್ಬು ಬೆಳೆಯುವ ರೈತರು ನನ್ನ ಭುಜದ ಮೇಲೆ ಕೈ ಇಟ್ಟು ಪಕ್ಕಕ್ಕೆ ಕರೆದುಕೊಂಡು ಹೋದರು. ಮಗುವಿಗೆ ಹೇಳೋ ಹಾಗೆ ಹೇಳಿದರು.

"ನೋಡಿ ಸಾ, ನಾವು ವ್ಯವಸಾಯ ಮಾಡೋರು. ಯಾವ ಔಷ್ದಿ ಬ್ಯಾನ್ ಮಾಡ್ತಾರೆ? ಉಳ ಸಾಯ್ಸೋ ಔಷ್ದಿನ. ಸಾಯ್ಸದೆ ಇರೋದ್ನ ಯಾವತ್ತಾದ್ರೂ ಬ್ಯಾನ್ ಮಾಡವ್ರಾ? ಕಂಪ್ನಿಯೋರು ಬಿಟ್ಟ ದಿನವೇ ವಾಪಸ್ ತಗಂಡವ್ರೆ ಅಂದ್ರೆ, ಇದ್ರಲ್ಲಿ ಏನೋ ಅದೆ."

"ಅಯ್ಯೋ ಯಜಮಾನ್ರೇ, ಆ ಕಂಪನಿಯವನೇ ನಾನು! ಏನೂ ಇಲ್ಲ ಅಂತ ನಾನೇ ಹೇಳ್ತಿದ್ದೀನಲ್ಲ!"

ಅವರು ಗುಂಪಿನ ಕಡೆ ತಿರುಗಿ ಕೂಗಿದರು. "ಬೇಗ ಬೇಗ ಆಕ್ಸ್ಕಳ್ರಲಾ! ಕಂಪ್ನಿಯೋರೇ ಬಂದ್ಬುಟ್ಟವ್ರೆ!"

ಎರಡನೇ ರಾಸು

ಭಾನುವಾರ ಬೆಳಿಗ್ಗೆ ಹೆಮ್ಮಿಗೆಗೆ ಹೋದೆ. ಶುಕ್ರವಾರ ಶನಿವಾರ ಎರಡೂ ದಿನ ಆ ತಾಯಿ ಫೋನ್ ಮಾಡಿ, "ಇವತ್ತೂ ಇವತ್ತೇ ಅಂತದಲ್ಲ ಸಾ" ಅಂತ ಗೋಳಾಡಿದ್ದರು. ಬಾಗಿಲ ಹತ್ತಿರ ರಾಗಿಹಿಟ್ಟು, ಬೆಳ್ಳುಳ್ಳಿ, ತುಪ್ಪದ ಡಬ್ಬಿ ತುಂಬಿದ ಬ್ಯಾಗು ಹೊರಡೋಕೆ ತಯಾರಾಗಿ ಕೂತಿತ್ತು. ಗಂಡ ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಫೋನು ಅಂಬಾ ಅಂದಾಗಲೆಲ್ಲ ಅವರು ಎದ್ದು ಹಸುವಿನ ಬಾಲ ಎತ್ತಿ ನೋಡೋರು.

"ಫೋನ್ ಕೊಡಿ, ಅಳಿಸ್ತೀನಿ. ತಲೆನೋವು ಹೋಗುತ್ತೆ" ಅಂದೆ.

"ಅಳ್ಸಿ ಸಾ. ಆದ್ರೆ ಎರಡ್ನೇದ್ರ ತಾರೀಕು ಮಾತ್ರ ಎಲ್ಲಾದ್ರೂ ಬರ್ಕೊಡಿ."

ಎರಡನೇದು? ಇವರ ಮನೆಯಲ್ಲಿ ಇರೋದು ಒಂದೇ ಹಸು. ತೆರೆದು ನೋಡಿದೆ. ಒಂದನೇ ರಾಸು, ಸೀಮೆಹಸು, ಫೋಟೋದಲ್ಲಿ ಅರ್ಧ ಬಾಲ. ಎರಡನೇ ರಾಸಿನ ಫೋಟೋ ನೋಡಿದರೆ, ನೀಲಿ ಸೀರೆ ಉಟ್ಟು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಗುತ್ತಾ ನಿಂತಿರುವ ಒಬ್ಬ ಹೆಣ್ಣುಮಗಳು. ತಳಿ: ನಾಟಿ. ಸೂಲು: ಎರಡನೆಯದು. ಸ್ವಭಾವ: ಸಾಧು.

"ಅಮ್ಮಾ, ಇದ್ಯಾರು?"

"ನಮ್ ಮಗ್ಳು."

"ಹಸುವಿನ ಆ್ಯಪಲ್ಲಿ ಮಗಳನ್ನ ಸೇರಿಸಿದ್ದೀರಲ್ಲ!"

"ಅಸಕ್ಕೂ ಒಂಬತ್ ತಿಂಗ್ಳು ಚಿಲ್ರೆ, ಎಣ್ಮಕ್ಳಿಗೂ ಒಂಬತ್ ತಿಂಗ್ಳು ಚಿಲ್ರೆ. ಡಾಕ್ಟ್ರಮ್ಮ ಯೋಳಿದ್ ತಾರೀಕೂ ನಿಮ್ ಆಪ್ ಯೋಳಿದ್ ತಾರೀಕೂ ಒಂದೇ ಆಯ್ತು ಸಾ. ನಂಗೆ ನಿಮ್ ಆಪ್ ಮ್ಯಾಲೆ ನಂಬ್ಕೆ ಬಂದಿದ್ದೇ ಆವಾಗ."

ಇಷ್ಟು ದೊಡ್ಡ ಮೆಚ್ಚುಗೆ ನಮ್ಮ ಆ್ಯಪಿಗೆ ಹಿಂದೆಯೂ ಸಿಕ್ಕಿರಲಿಲ್ಲ, ಮುಂದೆಯೂ ಸಿಕ್ಕಿಲ್ಲ. 'ಮಾಲೀಕರ ಮೊಬೈಲ್' ಅನ್ನುವ ಜಾಗದಲ್ಲಿ ಬೇರೆ ನಂಬರ್ ಇತ್ತು. ಅದು ಯಾರದು ಅಂತ ಕೇಳಿದೆ.

"ಅಳಿಯಂದ್ರುದು. ಮದ್ವೆ ಮಾಡ್ ಕೊಟ್ಮೇಲೆ ನಮ್ದೇ ಅಂತ ಬರ್ಯಕ್ಕಾಯ್ತದಾ?"

ನಗು ಬಂತು, ನುಂಗಿಕೊಂಡೆ. "ನೋಡಿ ಅಮ್ಮಾ, ಇದು ಎಲ್ಲರಿಗೂ ಇವತ್ತೇ ಅಂತಿದೆ. ಎತ್ತಿಗೂ ಅಂದಿದೆ. ನೀವು ಮೊದಲು ಬರೆದಿಟ್ಟ ದಿನದಿಂದ ಲೆಕ್ಕ ಹಾಕಿದ್ರೆ ನಿಮ್ಮ ಮಗಳಿಗೆ ಇನ್ನೂ ಒಂದು ವಾರ ಇದೆ. ನೆಮ್ಮದಿಯಾಗಿರಿ, ನಾನು ಗ್ಯಾರಂಟಿ."

ಆಕೆ ನಂಬಿದರು. ಬ್ಯಾಗಿನಿಂದ ತುಪ್ಪದ ಡಬ್ಬಿ ತೆಗೆದು ಒಳಗಿಡೋಕೆ ಎದ್ದರು. ನಾನು ಅಳಿಸೋಕೆ ಬೆರಳಿಟ್ಟೆ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅಂಬಾ ಅಲ್ಲ, ಬನ್ನೂರಿನಿಂದ ಅಳಿಯ. "ಅತ್ತೇ, ನೋವು ಶುರುವಾಗ್ಬುಟ್ಟದೆ. ಆಸ್ಪತ್ರೆಗೆ ಕರ್ಕೊಂಡ್ ಓಗ್ತಾವ್ನಿ."

ಆ ತಾಯಿ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ನನ್ನ ಶತ್ರುವಿಗೂ ಬೇಡ. ಸಂತೆಯಲ್ಲಿ ಬರಡು ಹಸುವನ್ನ ಗಬ್ಬದ ಹಸು ಅಂತ ಮಾರಿದವನನ್ನ ಹಾಗೆ ನೋಡ್ತಾರೆ. ಬೈಯಲೂ ಇಲ್ಲ. "ಬಸ್ಸು ಎಷ್ಟೊತ್ಗೆ?" ಅಂತ ಗಂಡನನ್ನ ಕೇಳುತ್ತಾ ತುಪ್ಪದ ಡಬ್ಬಿಯನ್ನ ಮತ್ತೆ ಬ್ಯಾಗಿಗೆ ತುರುಕಿದರು. "ಬಸ್ಸೂ ಬೇಡ ಏನೂ ಬೇಡ, ಹತ್ತಿ" ಅಂತ ಬೈಕ್ ತೆಗೆದೆ.

ನರಸೀಪುರ ದಾಟಿ ಬನ್ನೂರಿನ ರಸ್ತೆ. ಹಿಂದೆ ಕೂತ ಆಕೆಯ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ನನ್ನ ಅಂಗಿ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದಾಗಲೆಲ್ಲ, "ದಾರಿ ಬುಡ್ಲಾ! ನನ್ ಮಗ್ಳಿಗೆ ಎರ್ಗೆ!" ಅಂತ ಕೂಗೋರು. ಬ್ಯಾಗಿನೊಳಗೆ ಫೋನು ಅಂಬಾ ಅನ್ನೋದು. ಟ್ರ್ಯಾಕ್ಟರಿನವರು ನಮ್ಮನ್ನ ಏನಂದುಕೊಂಡರೋ, ದಾರಿಯನ್ನಂತೂ ಬಿಟ್ಟರು.

ಆಸ್ಪತ್ರೆ ಬಾಗಿಲಲ್ಲಿ ಬೀಗಿತ್ತಿ ಬೆಂಚಿನ ಮೇಲೆ ಕೂತಿದ್ದರು. ಇವರನ್ನ ನೋಡಿ ಎದ್ದೇಬಿಟ್ಟರು. "ಈಗ್ ತಾನೆ ಫೋನ್ ಮಾಡುದ್ವು! ಅಷ್ಟು ದೂರದಿಂದ ಇಷ್ಟು ಬೇಗ ಎಂಗ್ ಬಂದ್ರಿ?"

ಮಗು ಇನ್ನೂ ಹುಟ್ಟಿರಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು, ಅದೇ ಬೆಂಚಿನ ಮೇಲೆ ಕೂತು, "ನಂಗೆ ಮೂರ್ ದಿನದ್ ಮುಂಚೇನೇ ಗೊತ್ತಿತ್ತು" ಅಂದರು.

ಮಧ್ಯಾಹ್ನದ ಹೊತ್ತಿಗೆ ನರ್ಸಮ್ಮ ಮಗುವನ್ನ ಹೊರಗೆ ತಂದರು. ಇಬ್ಬರು ಅಜ್ಜಿಯರೂ ಒಟ್ಟಿಗೆ ಕೈ ಚಾಚಿದರು. ಹೆಮ್ಮಿಗೆಯ ಕೈ ಒಂದು ಗೇಣು ಮುಂದಿತ್ತು. ಮಗುವನ್ನ ಎದೆಗೊತ್ತಿಕೊಂಡು ಆಕೆ ಗೊಳೋ ಅಂತ ಅತ್ತರು. ನನಗೂ ಕಣ್ಣು ತುಂಬಿ ಬಂತು. ಯಾವ ಸಂಬಂಧ ಅಂತ ಕೇಳಬೇಡಿ. ಅತ್ತು ಮುಗಿಸಿ ಆಕೆ ಮೊದಲು ಮಾಡಿದ ಕೆಲಸ ಅಂದರೆ ಫೋನ್ ತೆಗೆದು, ಎರಡನೇ ರಾಸಿನ ಮುಂದೆ 'ಕರು ಹಾಕಿದೆ' ಅನ್ನೋದನ್ನ ಒತ್ತಿ, 'ಹೆಣ್ಣು' ಅಂತ ಗುರುತು ಹಾಕಿದ್ದು.

ಬುಧವಾರ ಹಸುವೂ ಕರು ಹಾಕಿತು. ಗಂಡ ಸ್ಟೂಲ್ ಬಿಟ್ಟು ಎದ್ದಿರಲಿಲ್ಲವಾದ್ದರಿಂದ ಕರು ಉಳಿಯಿತು. ಅದೇ ವಾರ ರಿಪೇರಿ ಮಾಡಿದ ಅಪ್ಡೇಟ್ ಅಂಗಡಿಗೆ ಬಂತು. ಈ ಸಲ ಹುಡುಗಿ ಟೆಸ್ಟ್ ಮುಗಿಸೋ ತನಕ ಧಣಿಯ ಕೈಗೆ ಪಂಚಾಂಗ ಸಿಗದ ಹಾಗೆ ಬಚ್ಚಿಟ್ಟಿದ್ದಳು. ಹೆಮ್ಮಿಗೆಗೆ ಹೋಗಿ ಹಾಕಿಕೊಟ್ಟೆ. ಮಗಳ ಹೆಸರನ್ನ ತೆಗೆಯೋಣ ಅಂದರೆ ಆಕೆ ಬಿಡಲಿಲ್ಲ. "ಅಸಿ ಬಾಣ್ತಿ ಸಾ, ಅಳ್ಸಬ್ಯಾಡಿ" ಅಂದರು. ಸರಿ ಅಂತ ಹಾಗೇ ಬಿಟ್ಟು ಬಂದೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಬನ್ನೂರಿನ ಅಳಿಯನ ಫೋನು. ದನಿ ಪಿಸುಪಿಸು. "ಸಾ, ನಿಮ್ ಕಂಪ್ನಿಯಿಂದ ಒಂದ್ ಮೆಸೇಜ್ ಬಂದದೆ. ಓದ್ತೀನಿ ಕೇಳಿ. 'ಮಾನ್ಯ ಮಾಲೀಕರೇ, ನಿಮ್ಮ ನಾಟಿ ರಾಸು ಹೆಣ್ಣು ಕರು ಹಾಕಿ ಎರಡು ತಿಂಗಳಾಗಿದೆ. ಮತ್ತೆ ಗಬ್ಬ ಕಟ್ಟಿಸಲು ಇದು ಸಕಾಲ. ತಡ ಮಾಡಬೇಡಿ.' ನಮ್ಮನೇಲಿ ಅಸನೇ ಇಲ್ವಲ್ಲ ಸಾ. ನನ್ನೆಂಡ್ರು ಓದ್ಬುಟ್ಟು ಸೌದೆ ಇಡ್ಕಂಡ್ ನಿಂತವ್ಳೆ."

ಈ ಸಲ ಆ್ಯಪಿನಲ್ಲಿ ಒಂದಿಷ್ಟೂ ದೋಷ ಇರಲಿಲ್ಲ. ಲೆಕ್ಕ ಪಕ್ಕಾ, ದಿನ ಪಕ್ಕಾ. ಆದರೂ ನಾನು ಇನ್ನೇನು ತಾನೆ ಹೇಳಲಿ?

"ತಪ್ಪು ಅಪ್ಡೇಟ್ ಸರ್ ಅದು. ಈಗ್ಲೇ ವಾಪಸ್ ತಗೋತೀವಿ" ಅಂದೆ.

"ಬೇಗ ತಗಳಿ ಸಾ" ಅಂದ ಅಳಿಯ. "ನಮ್ಮತ್ತೆ ಆಗ್ಲೇ ಫೋನ್ ಮಾಡಿ, ಮೆಸೇಜ್ ಬಂತಾ ಅಂತ ಕೇಳುದ್ರು."